ಮೂವತ್ತೊಂದನೆಯ ಕಾರು

ಚಾಮರಾಜಪೇಟೆ
ಶುಕ್ರವಾರ ಬೆಳಿಗ್ಗೆ

ಅಣ್ಣ ಚಿದಂಬರನಿಗೆ,

ಶೆಡ್ಡಿನಲ್ಲಿರುವ ಅಪ್ಪನ ಕಾರನ್ನು ಭಾನುವಾರ ಗುಜರಿಯವನಿಗೆ ಕೊಡುವುದು ಬೇಡ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಕಂಪನಿಯದು ಎಂದು ಗುಜರಿಯವನು ಕೇಳಿದ್ದನಲ್ಲ, ನೋಡೋಣವೆಂದು ಮುಂದಿನ ಹಿತ್ತಾಳೆ ಫಲಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಪ್ರತಿ ಆಯುಧಪೂಜೆಗೂ ಅಪ್ಪ ಬಳಿದಿದ್ದ ವಿಭೂತಿ ಬೆರಳು ದಪ್ಪ ಕಟ್ಟಿತ್ತು. ಅದರಡಿಯಲ್ಲಿ ಅಕ್ಷರಗಳು ನಿನ್ನೆ ಕೆತ್ತಿದಂತಿವೆ: ಹ್ಯಾಡ್ವಿಕ್ ಮೋಟಾರ್, ಒಹಾಯೊ, ನಂಬರ್ 31.

ನಿನ್ನೆ ಸಂಜೆ ಅಮೆರಿಕದ ಆ ಒಹಾಯೊದ ಒಂದು ಮ್ಯೂಸಿಯಂಗೆ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ವಿಡಿಯೋ ಕಾಲ್ ಬಂತು ಕಣೋ! ಸೈಕಲ್ ರಿಪೇರಿ ಮಾಡುತ್ತಿದ್ದ ಅಣ್ಣ-ತಂಗಿ ಇಬ್ಬರು ಸೇರಿ 1907ರಲ್ಲಿ ಶುರು ಮಾಡಿದ ಕಂಪನಿಯಂತೆ. ನಡೆದದ್ದು ಮೂರೇ ವರ್ಷ, ಮಾಡಿದ್ದು ಮೂವತ್ತೊಂದೇ ಕಾರು. ಒಂದೂ ಉಳಿದಿಲ್ಲ ಎಂದು ಅವರ ಪುಸ್ತಕದಲ್ಲಿ ಅಚ್ಚೇ ಆಗಿದೆ. ಮ್ಯೂಸಿಯಂನ ಮುದುಕರು ನಮ್ಮ ಶೆಡ್ಡನ್ನು ನೋಡುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇವತ್ತು ನನಗೆ ತಿಂಡಿಯೂ ಸೇರಲಿಲ್ಲ.

"ಇದರಂಥದ್ದು ಲೋಕದಲ್ಲಿ ಇನ್ನೊಂದಿಲ್ಲ ಕಣ್ರೋ" ಅಂತ ಅಪ್ಪ ಅಂದಾಗಲೆಲ್ಲ ನಾವಿಬ್ಬರೂ ಹಿತ್ತಲಿಗೆ ಓಡಿಹೋಗಿ ನಗುತ್ತಿದ್ದೆವು.

ಪುಸ್ತಕವನ್ನು ತಿದ್ದುತ್ತಾರಂತೆ. ಅದಕ್ಕೆ ಮನೆಯವರೆಲ್ಲ ಕಾರಿನ ಜೊತೆ ನಿಂತಿರುವ ಹಳೆಯ ಫೋಟೋ ಬೇಕಂತೆ. ವೈಯಾಲಿಕಾವಲ್‌ನ ನಿನ್ನ ಬೀರುವಿನಲ್ಲಿ ಒಮ್ಮೆ ಹುಡುಕು. ಇಲ್ಲಿನ ಆಲ್ಬಂಗಳಲ್ಲಿ ಇರುವುದೆಲ್ಲ ಒಂದೇ ಥರ: ಹಾರ ಹಾಕಿದ ಕಾರು, ಪಕ್ಕದಲ್ಲಿ ಅಪ್ಪ ಒಬ್ಬರೇ, ನಮ್ಮನ್ನು ಬನ್ನಿ ಎಂದು ಕೈ ಬೀಸುತ್ತಾ.

ನಿನ್ನ ತಂಗಿ,
ಮಹಾನಂದ