ಬಾಣ ಮರಳಿಸುವ ಸಾಲು

ಚಿತ್ರದುರ್ಗ, ೧೯೯೯

ಉಗ್ರಪ್ಪ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನಾನೀಗ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತೇನೆ. ರಕ್ತ ಕೊಡುವವರನ್ನು ಹುಡುಕಲು ಹೊಸದುರ್ಗದ ಒಂದು ಆಸ್ಪತ್ರೆಗೆ ಒಂದನ್ನು ಮಾಡಿಕೊಟ್ಟಿದ್ದೆ. ಅದು ಹುಡುಕುವಾಗ ಪರದೆಯ ಮೇಲಿನ ಮೌಸ್ ಬಾಣ ಮರಳು ಗಡಿಯಾರವಾಗುತ್ತದೆ, ಕಾಯಿರಿ ಎಂದರ್ಥ. ಹುಡುಕಿ ಮುಗಿದ ಮೇಲೆ ಬಾಣವನ್ನು ಮರಳಿಸಲು ನಾವೇ ಒಂದು ಸಾಲು ಬರೆಯಬೇಕು. ಒಂದೇ ಹೆಸರು ಸಿಕ್ಕಾಗ ಏನಾಗಬೇಕೆಂದು ಬರೆದ ಭಾಗದಲ್ಲಿ ಮಾತ್ರ ನಾನು ಆ ಸಾಲು ಮರೆತಿದ್ದೆ.

ಇವತ್ತು ಹೆರಿಗೆಗೆ ಬಂದವಳಿಗೆ ರಕ್ತ ಬೇಕಾಯಿತು. ಒಂದೇ ಹೆಸರು ಸಿಕ್ಕಿತು. ಗುಮಾಸ್ತೆ ಬೋರಕ್ಕ ಅವರ ವಿಳಾಸ ತೋರಿಸುವ ಪರದೆಯ ಗುಂಡಿ ಒತ್ತದೆ ನಲವತ್ತು ನಿಮಿಷ ಕುಳಿತಿದ್ದರು.

"ಗಡಿಯಾರ ಹೋಗ್ಲೇ ಇಲ್ಲ ಸಾರ್. ಮುಟ್ಟಿದ್ರೆ ಕೆಡ್ತೈತೇನೋ ಅಂತ ಸುಮ್ನೆ ಕುಂತಿದ್ದೆ," ಎಂದರು ಫೋನಿನಲ್ಲಿ.

"ಒತ್ರಿ ಬೋರಕ್ಕ, ಅದರ ಕೆಲಸ ಆವಾಗ್ಲೇ ಮುಗಿದೈತೆ," ಎಂದು ಕಿರುಚಿದೆ.

ಆ ಹೆಣ್ಣುಮಗಳ ಸುದ್ದಿ ಇನ್ನೂ ಬಂದಿಲ್ಲ. ಫೋನಿನ ಪಕ್ಕದಲ್ಲೇ ಕುಳಿತಿದ್ದೇನೆ. ಮರೆತ ಸಾಲನ್ನು ಸೇರಿಸಿದೆ, ಮೂರು ಸಲ ಓದಿದೆ, ಮತ್ತೆ ಓದುತ್ತಿದ್ದೇನೆ.

ಎಪ್ಪತ್ತೆಂಟರಲ್ಲಿ ಕೆಲಸದ ತರಬೇತಿಗೆ ಅರ್ಜಿ ಹಾಕಲು ಹೋದಾಗ, ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ನಿನಗೆ, "ಇಲ್ಲೇ ಕುಂತಿರಲೇ, ಇಬ್ಬರದ್ದೂ ಫಾರಂ ತರ್ತೀನಿ," ಎಂದು ಹೇಳಿ ಹೋಗಿದ್ದೆ. ತರಬೇತಿಗೆ ಉಳಿದಿರುವುದು ಒಂದೇ ಜಾಗ ಎಂದು ಕಚೇರಿಯಲ್ಲಿ ತಿಳಿಯಿತು. ಅದಕ್ಕೆ ನನ್ನ ಹೆಸರು ಬರೆಸಿ, ನಾನು ಹಿಂಬದಿಯ ರಸ್ತೆಯಿಂದ ಊರಿಗೆ ಹೋದೆ.

ಕತ್ತಲಾದರೂ ನೀನು ಎದ್ದಿರಲಿಲ್ಲವಂತೆ. ಹೋಟೆಲಿನವರು ಕೇಳಿದ್ದಕ್ಕೆ, "ಪಾಲಣ್ಣ ಕುಂತಿರು ಅಂದವ್ನೆ," ಎಂದೆಯಂತೆ.