ಕಟ್ಟಿಕೊಡದ ಬುತ್ತಿ

ಬಾಲಿಕ್ಚಿ
ಮೇ ತಿಂಗಳು, ಬುಧವಾರ

ಕರಕೋಲಿನ ಹಳೆಗಾಡಿ ಬಳಗದ ಮಹಾಸಭೆಗೆ,

ಗ್ರೀಸು ಮೆತ್ತಿದ ಗಣ್ಯರೇ, ಸ್ಪ್ಯಾನರ್ ಹಿಡಿದ ಸಜ್ಜನರೇ, ಗೇರು ಬೀಳದೆ ದಾರಿಯಲ್ಲಿ ನಿಂತವರೇ, ಬಿದ್ದ ಗೇರು ಏಳದೆ ಮನೆಯಲ್ಲಿ ಕೂತವರೇ, ಎಲ್ಲರಿಗೂ ವಂದನೆ. ಕಳೆದ ಭಾನುವಾರ ಶ್ರೀಮತಿ ಬುರುಲ್ ಅವರ ಅಂಗಳದಲ್ಲಿ ಎಲ್ಲರೂ ಕೈಗೂಡಿಸಿ ನಡೆಸಿದ ಗೇರುಪೆಟ್ಟಿಗೆ ಆಶಾರಿನ ವರದಿ ಬರೆಯಬೇಕೆಂದು ಬಳಗ ನನಗೆ ಅಪ್ಪಣೆ ಕೊಡಿಸಿದೆ. ಪ್ರಾಸದ ಚಟ ಇರುವವನು ನಾನೊಬ್ಬನೇ, ಅದಕ್ಕೇ ಈ ಶಿಕ್ಷೆ. ಸಭೆಯಲ್ಲಿ ಓದುವ ಮುನ್ನ ಮನೆಯೊಡತಿಯ ಒಪ್ಪಿಗೆ ಬೇಕಲ್ಲ, ಹಾಗಾಗಿ ಮೊದಲ ಪ್ರತಿ ನಿನಗೆ, ಬುರುಲ್. ತಪ್ಪಿದ್ದರೆ ತಿದ್ದು, ಹೆಚ್ಚಿದ್ದರೆ ಹೊಡೆದುಹಾಕು.

ಮೊದಲು ವರದಿಗಾರನ ಪರಿಚಯ. ಈತ ಮನೆಯೊಡತಿಯ ಗಂಡ. ಹೋದ ಶರತ್ಕಾಲದಿಂದ ಬಾಲಿಕ್ಚಿಯ ಅಣ್ಣನ ಮನೆಯಲ್ಲಿ ವಾಸ. ಕಾರಣ ಕರಕೋಲಿನ ಕುದುರೆಗಳಿಗೂ ಗೊತ್ತು. ಬುರುಲ್ ಶಾಲೆಯ ಕೆಲಸ ಬಿಟ್ಟು, ನಮ್ಮ ಬೂದು ಬಣ್ಣದ ಹಳೆಯ ವ್ಯಾನಿನಲ್ಲಿ ಕುರಿಗಾಹಿಗಳನ್ನೂ ಅವರ ಗಂಟುಮೂಟೆಗಳನ್ನೂ ಬೆಟ್ಟದ ಹುಲ್ಲುಗಾವಲಿಗೆ ಸಾಗಿಸುತ್ತೇನೆಂದು ಹೊರಟಾಗ, ಸ್ಟೀರಿಂಗು ಬೇಕೋ ನಾನು ಬೇಕೋ ಎಂದು ಕೇಳಿದ್ದೆ. ಉತ್ತರ ಹೇಳಲು ಆಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಈ ವಸಂತದಲ್ಲಿ ಆ ವ್ಯಾನಿನ ಮೂರನೇ ಗೇರು ಏರಿನಲ್ಲಿ ಜಾರತೊಡಗಿತು, ಆಮೇಲೆ ಬೀಳುವುದನ್ನೇ ಬಿಟ್ಟಿತು. ಕುರಿಗಳು ಬೆಟ್ಟ ಹತ್ತುವ ಕಾಲ ಹತ್ತಿರ. ಗ್ಯಾರೇಜಿನವರೆಲ್ಲ ಜೂನ್ ಮುಗಿಯಲಿ ಎಂದರು. ಆಗ ಬುರುಲ್ ಬಳಗಕ್ಕೆ ಸಂದೇಶ ಹಾಕಿದಳು: "ಭಾನುವಾರ ನಮ್ಮನೇಲಿ ಆಶಾರ್. ಗೇರುಪೆಟ್ಟಿಗೆ ಕೆಳಗಿಳಿಸಿರ್ತೀನಿ. ಕೈ ಇದ್ದೋರು ಬನ್ನಿ. ಬರೀ ಬಾಯಿ ಇದ್ದೋರೂ ಬನ್ನಿ, ಊಟ ಇದೆ."

ಗೋಡೆ ಎಬ್ಬಿಸಲು, ಸೂರು ಹೊದಿಸಲು ಆಶಾರ್ ಕರೆಯುವುದನ್ನು ಕಂಡಿದ್ದೇವೆ. ಗೇರುಪೆಟ್ಟಿಗೆಗೆ ಕರೆದವಳು ಈಕೆಯೇ ಮೊದಲು. ಆಶಾರಿಗೆ ಕೂಲಿ ಇಲ್ಲ, ಕರೆಯೋಲೆ ಇಲ್ಲ. ಸಲಕರಣೆ ಹಿಡಿದು ಬಂದವನನ್ನು ಗೇಟಿನಲ್ಲಿ ತಡೆಯುವಂತೆಯೂ ಇಲ್ಲ. ಈ ಕೊನೆಯ ನಿಯಮವನ್ನು ನಂಬಿಕೊಂಡು ವರದಿಗಾರ ಬೆಳಗಿನ ಬಸ್ಸು ಹತ್ತಿದ.

ಗೇಟಿನಲ್ಲಿ ಬುರುಲ್ ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು. "ಹದಿನೇಳರ ಸ್ಪ್ಯಾನರ್ ತಂದಿದೀರಾ? ಸರಿ, ಒಳಗೆ ಬನ್ನಿ."

ಬನ್ನಿ ಅಂತೆ. ಇಷ್ಟು ವರ್ಷ "ಏಯ್ ತೊಲೊಗೊನ್" ಎಂದು ಮೂರು ಮನೆ ಆಚೆಗೂ ಕೇಳಿಸುವಂತೆ ಕರೆದ ಬಾಯಿ ಅದು. ಆ ಮರ್ಯಾದೆಗಿಂತ ಎರಡು ಏಟು ಹಗುರವಾಗಿರುತ್ತಿತ್ತು. ಒಳಗೆ ಇಸ್ಮಾರ್ ಆಗಲೇ ಮೊಣಕೈವರೆಗೆ ಎಣ್ಣೆಯಲ್ಲಿದ್ದ. ಬಜಾರಿನಲ್ಲಿ ತಣ್ಣನೆಯ ಖಾರದ ಶಾವಿಗೆ ಮಾರುವ, ಗೇರುಪೆಟ್ಟಿಗೆ ಎಂದರೆ ಅಂಗಡಿ ಮುಚ್ಚಿ ಓಡಿಬರುವ ಡುಂಗಾನ್ ಜನಾಂಗದ ಗೆಳೆಯ. ಎಲ್ಲರೆದುರು ಕೇಳಿದ: "ದೂರದಿಂದ ಬಂದ್ರಾ ಅಣ್ಣಾ? ಈ ಊರಲ್ಲಿ ನಿಮಗೆ ಗುರುತಿನೋರು ಯಾರಾದ್ರೂ ಇದಾರಾ?"

"ಒಬ್ಬರಿದ್ರು," ಎಂದೆ. "ಈಗ ವಿಚಾರಿಸಬೇಕು."

ಸಭಿಕರೇ, ಪೆಟ್ಟಿಗೆಯನ್ನು ಆಕೆ ಒಬ್ಬಳೇ ಇಳಿಸಿದ್ದಳು. ಒಂದು ಜಾಕು, ಎರಡು ಹಲಗೆ, ಕೆಳಗೆ ಹಾಸಲು ಹಳೆಯ ಉಣ್ಣೆಗಂಬಳಿ. ರಟ್ಟಿನ ಮೇಲೆ ಪೆಟ್ಟಿಗೆಯ ಚಿತ್ರ ಬರೆದು, ಬೋಲ್ಟು ಎಲ್ಲಿಂದ ಬಂತೋ ಚಿತ್ರದಲ್ಲಿ ಅಲ್ಲೇ ಚುಚ್ಚಿಟ್ಟಿದ್ದಳು. ನಾನು ಬಿಚ್ಚುತ್ತಿದ್ದ ಕಾಲದಲ್ಲಿ ಬೋಲ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ ಕೂಡುಕುಟುಂಬ ಮಾಡಿಕೊಂಡಿದ್ದವು. ಸವೆದ ಹಿತ್ತಾಳೆ ಬಳೆಯನ್ನು ಇಸ್ಮಾರ್ ಬೆಳಕಿಗೆ ಹಿಡಿದು ತೋರಿಸಿದ, ತನ್ನ ಜೇಬಿನಿಂದ ಬೇರೊಂದನ್ನು ತೆಗೆದು ಕೂರಿಸಿದ. ಕೆಲವರು ಹಿಡಿದರು, ಕೆಲವರು ತಿರುಗಿಸಿದರು, ಹಿಡಿಯದೆ ತಿರುಗಿಸದೆ ಇದ್ದವರು ಸಲಹೆ ಕೊಟ್ಟರು.

ಇನ್ನೇನು ಮುಚ್ಚಬೇಕು, ಹಾಕಿದ ಗೇರು ಜಾರದಂತೆ ಹಿಡಿಯುವ ಉಕ್ಕಿನ ಗುಂಡು ಕಾಣೆ. ಕಡಲೆಕಾಳಿಗಿಂತ ತುಸು ದೊಡ್ಡದು. ಕಂಬಳಿ ಕೊಡವಿದೆವು, ಕೋಳಿಗಳ ಮೇಲೂ ಅನುಮಾನಪಟ್ಟೆವು.

"ತೊಳೆದು ಒರೆಸಿ ಬಟ್ಟಲಲ್ಲಿ ಇಟ್ಟಿದ್ದೆ ಕಣ್ರೋ," ಎಂದ ಇಸ್ಮಾರ್. "ಖಾಲಿ ಬಟ್ಟಲು. ನೀಲಿ ಹೂವಿಂದು."

ಬುರುಲ್ ಹಿರಿಯರು ಕೂತ ಕಡೆ ತಿರುಗಿದಳು. ಆ ಬಟ್ಟಲಿಗೆ ಪಕ್ಕದ ಮನೆಯಾಕೆ ಕುರುತ್ ತುಂಬಿ, ಹಿರಿಯರ ಮುಂದೆ ಇಟ್ಟಾಗಿತ್ತು. ಒಣಗಿಸಿದ ಉಪ್ಪುಮೊಸರಿನ ಆ ಉಂಡೆಗಳೂ ಅಷ್ಟೇ ಗಾತ್ರ. ಅದರ ಬಿಳಿ ಪುಡಿ ಮೆತ್ತಿದರೆ ಉಕ್ಕೂ ಕುರುತೇ. ಬಟ್ಟಲಿನ ಮುಂದೆ ಮುಕಾಶ್ ಅಜ್ಜ ಕೂತಿದ್ದರು. ಎಂಬತ್ತು ದಾಟಿದೆ, ಹಲ್ಲು ಉಳಿದಿಲ್ಲ, ಕಣ್ಣು ಮಂಜು. ಎಡಗೆನ್ನೆ ಉಬ್ಬಿತ್ತು.

ಆಕೆ ಹೋಗಿ ಪಕ್ಕದಲ್ಲಿ ಕೂತಳು. "ಕುರುತ್ ಹೇಗಿದೆ ಅಜ್ಜಾ?"

"ಇದು ಕುರುತ್ ಅಂದ್ರೆ. ಆಗಿನಿಂದ ಚೀಪ್ತಾ ಇದೀನಿ ಮಗಳೇ, ಕರಗೋ ಮಾತೇ ಇಲ್ಲ. ಈಗಿನೋರಿಗೆ ಇಂಥದ್ದು ಮಾಡಕ್ಕೆ ಬರಲ್ಲ. ಚೂರು ಸೀಮೆಎಣ್ಣೆ ವಾಸನೆ, ಅಷ್ಟೆ."

ನಾವೆಲ್ಲ ನಗಲು ಬಾಯಿ ತೆರೆದಿದ್ದೆವು. ಬುರುಲ್ ನಮ್ಮತ್ತ ಒಮ್ಮೆ ನೋಡಿದಳು, ಅಷ್ಟಕ್ಕೇ ಎಲ್ಲ ಬಾಯಿಗಳೂ ಮುಚ್ಚಿದವು. "ಅದು ನಮ್ಮತ್ತೆ ಕಾಲದ್ದು ಅಜ್ಜಾ, ಒಂದೇ ಉಳಿದಿರೋದು. ನನಗೆ ಕೊಡಿ, ಜೋಪಾನ ಮಾಡ್ತೀನಿ. ನಿಮಗೆ ಮೆತ್ತಂದು ಆರಿಸಿ ಕೊಡ್ತೀನಿ." ಅಂಗೈ ಚಾಚಿದಳು. ಅಜ್ಜ ಕೊಟ್ಟರು. ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಒರೆಸಿ ತಂದು, ಗುಂಡನ್ನು ತಾನೇ ಕೂರಿಸಿ, ಪೆಟ್ಟಿಗೆ ಮುಚ್ಚಿದಳು. ಗಾಡಿಯನ್ನೂ ಉಳಿಸಿದಳು, ಅಜ್ಜನ ಮಾನವನ್ನೂ ಉಳಿಸಿದಳು. ನಾನಾಗಿದ್ದರೆ ಊರಿಗೆಲ್ಲ ಹೇಳಿ ನಗಿಸಿ, ಎರಡನ್ನೂ ಕಳೆದಿರುತ್ತಿದ್ದೆ.

ಸಂಜೆಗೆ ವ್ಯಾನು ಬೀದಿಗಿಳಿಯಿತು. ಆಸ್ಪತ್ರೆ ಹಿಂದಿನ ಏರಿನಲ್ಲಿ ಆಕೆ ಮೂರನೇ ಗೇರಿಗೆ ಹಾಕಿದ ಸದ್ದನ್ನು ನಾವೆಲ್ಲ ಉಸಿರು ಹಿಡಿದು ಕೇಳಿದೆವು. ಕ್ಲಚ್ಚು ಬಿಟ್ಟದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯ. ಆ ಗಾಡಿಯನ್ನು ಅಷ್ಟು ಹಿತವಾಗಿ ನಾನು ಒಮ್ಮೆಯೂ ಓಡಿಸಿಲ್ಲ. ಈ ಮಾತನ್ನು ಸಭೆಯಲ್ಲಿ ದೊಡ್ಡ ದನಿಯಲ್ಲಿ ಓದಬಹುದು.

ಮುಕಾಶ್ ಅಜ್ಜ ಎರಡೂ ಕೈ ಚಾಚಿ ಹರಸಿದರು: ಚಕ್ರ ಉರುಳಲಿ, ಮನೆಗೆ ಮರಳಲಿ. ನಾವೂ ಅಂಗೈ ತೆರೆದು, ಓಮಿನ್, ಹಾಗೇ ಆಗಲಿ ಎಂದು ಮುಖ ಸವರಿಕೊಂಡೆವು. ಕೈ ತೊಳೆದಿರಲಿಲ್ಲ. ಇಡೀ ಬಳಗ ಹಣೆಯಿಂದ ಗಲ್ಲದವರೆಗೆ ಕಪ್ಪಾಯಿತು.

ಉಂಡು ಏಳುವಾಗ ಬುರುಲ್ ವಾಡಿಕೆಯಂತೆ ಎಲ್ಲರಿಗೂ ಬುತ್ತಿ ಕಟ್ಟಿಕೊಟ್ಟಳು: ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್, ಮಕ್ಕಳಿಗೆ ಮಿಠಾಯಿ. ಇಸ್ಮಾರಿಗೆ ಕೊಟ್ಟಳು, ಅಜ್ಜನಿಗೆ ಕೊಟ್ಟಳು, ಬರೀ ಸಲಹೆ ಕೊಟ್ಟವರಿಗೂ ಕೊಟ್ಟಳು. ನನ್ನ ಮುಂದೆ ಬಂದಾಗ ಕೈ ಖಾಲಿ. ಒಂದು ಗಳಿಗೆ ನಿಂತು ಒಳಗೆ ಹೋದಳು.

ಬೀದಿನಾಯಿಗೂ ಮೂಳೆ ಸಿಕ್ಕ ಅಂಗಳದಲ್ಲಿ ನನಗೊಬ್ಬನಿಗೆ ಇಲ್ಲ ಎಂದುಕೊಂಡು, ಇಸ್ಮಾರನ ಕಾರಿನಲ್ಲಿ ಬಸ್ಸಿನ ನಿಲ್ದಾಣಕ್ಕೆ ಹೊರಟುಬಿಟ್ಟೆ. ಅಣ್ಣನ ಮನೆಯಲ್ಲಿ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಇವತ್ತು ಅತ್ತಿಗೆ ಬಿಡದೆ ಕೇಳಿ, ಹಿಟ್ಟಿನ ಕೈಯಲ್ಲೇ ತಲೆಗೆ ಮೊಟಕಿದಳು.

"ಥೂ ನಿನ್ನ. ಬುತ್ತಿ ಕಟ್ಟೋದು ಎದ್ದು ಹೋಗೋರಿಗೆ ಕಣೋ. ಮನೆಯೋನಿಗೆ ಯಾರಾದ್ರೂ ಕಟ್ಟಿಕೊಡ್ತಾರಾ?"

"ಮರೆತಿದ್ರೆ?" ಎಂದೆ.

"ಬೋಲ್ಟು ಮರೀದೋಳು ನಿನ್ನ ಮರೀತಾಳಾ? ಆದ್ರೆ ಬೇಕಂತ್ಲೇ ಕೊಡದೆ ಇದ್ದಿದ್ರೂ ಇರಬಹುದಪ್ಪ. ನಿನ್ನಂಥೋನಿಗೆ ನಾನೂ ಕೊಡ್ತಿರಲಿಲ್ಲ. ಹೋಗಿ ಅವಳನ್ನೇ ಕೇಳು."

ಮಹಾಸಭೆಯ ಮಹನೀಯರೇ,

ಬುರುಲ್, ಬಳಗ ನನ್ನನ್ನು ಯಾವ ವರದಿಯನ್ನೂ ಕೇಳಿಲ್ಲ. ನನಗೆ ಮನೆಗೆ ಬರಬೇಕು ಅನಿಸಿದೆ.

ನಿನ್ನ
ತೊಲೊಗೊನ್

ಮತ್ತೊಂದು ಮಾತು: ಇದನ್ನು ಅಂಚೆಗೆ ಹಾಕಿ ಕಾಯುವ ಧೈರ್ಯ ಬರಲಿಲ್ಲ. ಇಸ್ಮಾರ್ ತಂದು ಕೊಡುತ್ತಾನೆ. ನಾನು ಹೊರಟುಹೋಗಲೆಂದೇ ನೀನು ಅವತ್ತು ಒಳಗೆ ಹೋಗಿದ್ದರೆ, ಅವನ ಕೈಯಲ್ಲಿ ಈಗ ಒಂದು ಬುತ್ತಿ ಕಳಿಸು, ಎರಡು ರೊಟ್ಟಿಯಾದರೂ ಸಾಕು. ಏನೂ ಕೇಳದೆ ಬಾಲಿಕ್ಚಿಯ ಬಸ್ಸು ಹಿಡಿಯುತ್ತೇನೆ. ಹಾಗಲ್ಲವಾದರೆ ಅವನನ್ನು ಬರಿಗೈಯಲ್ಲಿ ಕಳಿಸು. ನಾನು ನಮ್ಮ ಬೀದಿಯ ತಿರುವಿನಲ್ಲಿ ಅವನ ಕಾರಿನಲ್ಲೇ ಕೂತಿದ್ದೇನೆ.