ಕಾನ್ಸಸ್‌ನಿಂದ ಹಿಂದಿರುಗಿದವನ ಕಲ್ಲು

ಕೌಂಟಿಯ ಹಳೆಯ ಸ್ಮಶಾನಗಳ ಮೇಲ್ವಿಚಾರಕರೇ,

ನೀವು ಯಂತ್ರ ಹಚ್ಚಿ ತೊಳೆಸಿದ್ದು ಹೊಲಸನ್ನಲ್ಲ, ನನ್ನ ಗಂಡನ ಮುತ್ತಜ್ಜನ ಹೆಸರನ್ನು. ತೊಳೆಸಿದ ಮೇಲೆ, ಹೆಸರಿಲ್ಲದ ಕಲ್ಲಿನ ಪಕ್ಕದಲ್ಲಿ ನನ್ನ ಗಂಡನಿಗೆ ಜಾಗ ಕೊಡಲು ಬರುವುದಿಲ್ಲ ಎಂದು ತಿಳಿಸಿದ್ದೀರಿ. ಇದಕ್ಕೆ ನಾನು ಇಂಗ್ಲಿಷಿನಲ್ಲಿ, ಮಗಳಿಂದ ತಿದ್ದಿಸಿ, ಮತ್ತೆ ಮತ್ತೆ ಬರೆದೆ. ಓದಿದ ಗುರುತು ಕಾಣಲಿಲ್ಲ. ಓದದವರಿಗೆ ಯಾವ ಭಾಷೆಯಾದರೇನು ಎಂದು ಈ ಸಲ ನನ್ನ ಭಾಷೆಯಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಓದುವವರಾದರೂ ಇದ್ದಾರೆ. ನಾನು ಮ್ಯಾಟ್ರಿಕ್ ದಾಟಿದವಳಲ್ಲ. ಡೈರಿ ಬಿಟ್ಟು ಬೇರೆ ಏನನ್ನೂ ಬರೆದು ರೂಢಿಯಿಲ್ಲ. ವಿಷಯ ಮಾತ್ರ ನನಗೆ ಸ್ಪಷ್ಟವಾಗಿದೆ.

ನನ್ನ ಗಂಡ ಕ್ಯಾಲ್ವಿನ್ ಟೀಗ್ ನಿಮ್ಮದೇ ಕೌಂಟಿಯ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವರು. ಅರವತ್ತರ ದಶಕದಲ್ಲಿ ಅಮೆರಿಕ ಸರ್ಕಾರದವರು ಅವರನ್ನು ಗದಗಿನ ಕಡೆ ನಮ್ಮ ಊರಿಗೆ, ತತ್ತಿಯನ್ನೂ ಮುಟ್ಟದ ಲಿಂಗಾಯತರ ಓಣಿಗೆ, ಕೋಳಿ ಸಾಕಣೆ ಕಲಿಸಲು ಕಳಿಸಿದ್ದರು. ಕಚೇರಿಗಳ ಬುದ್ಧಿ ಅಂದಿಗೂ ಹೀಗೇ ಇತ್ತು. ಕೋಳಿ ಯಾರೂ ಸಾಕಲಿಲ್ಲ. ಅವರು ಕನ್ನಡ ಕಲಿತರು, ನನ್ನನ್ನು ಮದುವೆಯಾದರು. ನನ್ನ ತಾಯಿ ಕೊನೆಯವರೆಗೂ ಅವರನ್ನು ಕಲ್ಲಪ್ಪ ಎಂದೇ ಕರೆದಳು. ಕಳೆದ ಅಕ್ಟೋಬರಿನಲ್ಲಿ ಷಾರ್ಲೆಟ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರ ಮುತ್ತಜ್ಜ ಎಲಾಯಸ್ ಟೀಗ್. ಅಂತರ್ಯುದ್ಧಕ್ಕೆ ಮುಂಚೆ ಹೆಂಡತಿಯನ್ನು ಎತ್ತಿನ ಬಂಡಿಯಲ್ಲಿ ಕೂಡಿಸಿಕೊಂಡು ಹೊಸ ಭೂಮಿಗಾಗಿ ಕಾನ್ಸಸ್‌ಗೆ ಹೋದವನು. ನಿಮ್ಮ ಸ್ಮಶಾನದ ಬಾಗಿಲಲ್ಲಿ ಪಶ್ಚಿಮಕ್ಕೆ ಹೋದ ಧೀರರ ಫಲಕವಿದೆಯಲ್ಲ, ಅದರಲ್ಲಿ ಅವನ ಹೆಸರಿದೆ. ಮುಂದೆ ‘ಕಾನ್ಸಸ್‌ನಲ್ಲಿ ಮಡಿದ’ ಎಂದು, ಯುದ್ಧಕ್ಕೆ ಮುಂಚಿನ ಒಂದು ಇಸವಿಯ ಜೊತೆ ಇದೆ. ಆದರೆ ಟೀಗ್ ಮನೆಯವರು ಹೇಳಿಕೊಂಡು ಬಂದದ್ದು ಬೇರೆ. ಅಲ್ಲಿ ಮಡಿದವಳು ಹೆಂಡತಿ. ಎಲಾಯಸ್ ಬಂಡಿ ಮಾರಿ, ಉಳಿದ ಒಂದೇ ಎತ್ತಿನ ಜೊತೆ ನಡೆದುಕೊಂಡು ಊರಿಗೆ ಬಂದ. ಇನ್ನೊಂದು ಮದುವೆಯಾಗಿ, ಬಟಾಟೆ ಬೆಳೆದು, ಮುದುಕನಾಗಿ ಸತ್ತ. ಹೋದವರಿಗೆ ಹಿತ್ತಾಳೆಯ ಫಲಕ. ಸೋತು ತಿರುಗಿ ಬಂದವನಿಗೆ ಮೂಲೆಯಲ್ಲೊಂದು ಕಾಡುಕಲ್ಲು. ಆಸ್ಪತ್ರೆಯಲ್ಲಿ ಕ್ಯಾಲ್ವಿನ್ ನನಗೆ ಹೇಳಿದ್ದು ಇಷ್ಟೇ: “ಗಂಗಾ, ಅಂವ ಹೋದದ್ದೂ ಖರೇ, ತಿರುಗಿ ಬಂದದ್ದೂ ಖರೇ. ಬಂದದ್ದು ಯಾರಿಗೂ ಬ್ಯಾಡಾಗೇತಿ. ನನ್ನನ್ನ ಅವನ ಕಾಲ ಹತ್ರ ಇಡು.”

ಅಲ್ಲಿ ಹೊಸ ಪೆಟ್ಟಿಗೆ ಹೂಳಲು ಜಾಗವಿಲ್ಲ, ಅಲ್ಲಿರುವವರ ವಂಶಸ್ಥರಾದರೆ ಬೂದಿಯನ್ನು ಮಾತ್ರ ಇಡಬಹುದು ಎಂದು ನಿಮ್ಮ ಕಚೇರಿಯೇ ಹೇಳಿತು. ಮಾನ್ಯರೇ, ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ನಿಮ್ಮ ಆ ಒಂದು ಮಾತು ನಂಬಿ ನಾನು ನನ್ನ ಗಂಡನನ್ನು ಬೆಂಕಿಗೆ ಕೊಟ್ಟೆ. ನನ್ನ ಅಣ್ಣ ಊರಿನಿಂದ ಫೋನು ಮಾಡಿ, “ನಮ್ಮ ಮಂದ್ಯಾಗ ಯಾರಿಗಾದ್ರೂ ಹಿಂಗ ಮಾಡ್ಯಾರೇನ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟ. ಆ ಬೂದಿ ಈಗ ನನ್ನ ಮನೆಯ ಕಪಾಟಿನಲ್ಲಿದೆ. ಯಾಕೆಂದರೆ ಅದಾದ ಮೇಲೆ ನೀವು ಫಲಕವನ್ನು ಓದಿಕೊಂಡಿರಿ. ಎಲಾಯಸ್ ಕಾನ್ಸಸ್‌ನಲ್ಲಿ ಸತ್ತವನು, ಆದ್ದರಿಂದ ಇಲ್ಲಿಲ್ಲ, ಆದ್ದರಿಂದ ಕ್ಯಾಲ್ವಿನ್ ಇಲ್ಲಿರುವ ಯಾರ ವಂಶಸ್ಥರೂ ಅಲ್ಲ.

ಕಾನ್ಸಸ್‌ನಲ್ಲಿ ಯುದ್ಧಕ್ಕೆ ಮುಂಚೆಯೇ ಸತ್ತವನಿಗೆ ಯುದ್ಧ ಮುಗಿದ ಮೇಲೆ ನಿಮ್ಮ ಕೌಂಟಿಯಲ್ಲಿ ಮಗ ಹುಟ್ಟಿದ್ದು ಹೇಗೆ ಎಂದು ಕೇಳಿದೆ. ಆ ಮಗನೇ ಕ್ಯಾಲ್ವಿನ್‌ರ ಅಜ್ಜ. ನೀವು ಅಜ್ಜನ ಜನನ ಪತ್ರ ಕೇಳಿದಿರಿ. ಆ ಕಾಲದಲ್ಲಿ ನಿಮ್ಮ ರಾಜ್ಯ ಜನನ ಪತ್ರವನ್ನೇ ಕೊಡುತ್ತಿರಲಿಲ್ಲವಂತೆ. ಕೊಡದ ಕಾಗದವನ್ನು ಜನ ಯಾಕೆ ಜೋಪಾನ ಮಾಡಲಿಲ್ಲ ಎಂದು ನೀವು ಕೇಳುತ್ತೀರಿ. ಮಗಳು ರಚನಾ ರಜೆ ಹಾಕಿ ನನ್ನನ್ನು ವಾಷಿಂಗ್ಟನ್‌ಗೆ ಕರೆದುಕೊಂಡು ಹೋದಳು. ಅಲ್ಲಿನ ದಾಖಲೆ ಭಂಡಾರದ ಕತ್ತಲು ಕೋಣೆಯಲ್ಲಿ ಯಂತ್ರದ ಹಿಡಿಕೆ ತಿರುಗಿಸುತ್ತಾ, ಫಿಲ್ಮಿನ ಸುರುಳಿಯಲ್ಲಿದ್ದ ಹಳೆಯ ಜನಗಣತಿ ನೋಡಿದೆವು. ಯುದ್ಧವಾದ ಮೇಲಿನ ಗಣತಿಯಲ್ಲಿ, ನಿಮ್ಮ ಕೌಂಟಿಯಲ್ಲೇ, ‘ಇ. ಟೀಗ್, ರೈತ’ ಎಂದು ಸಿಕ್ಕಿತು. ‘ಇ’ ಎಂದರೆ ಎಜ್ರಾ ಆಗಿರಬಹುದು, ಎಡ್ವರ್ಡ್ ಆಗಿರಬಹುದು ಎಂದಿರಿ. ಆಗಿರಬಹುದು. ಎಲಾಯಸ್ ಒಂದನ್ನು ಬಿಟ್ಟು ಉಳಿದ ಎಲ್ಲ ಹೆಸರುಗಳೂ ನಿಮಗೆ ಒಪ್ಪಿಗೆಯೇ.

ಇನ್ನು ಕಲ್ಲಿನ ವಿಷಯ. ಮಾರ್ಚ್‌ನ ಒಂದು ಶನಿವಾರ ನಾನೂ ರಚನಾಳೂ ಅಲ್ಲಿಗೆ ಹೋಗಿದ್ದೆವು. ಮನೆಯವರು ತೋರಿಸುತ್ತಿದ್ದ ಮೂಲೆಯ ಕಲ್ಲು ಪಾಚಿಗಟ್ಟಿ ಬೋಳಾಗಿ ಕಾಣುತ್ತಿತ್ತು. ನಮ್ಮ ತಂದೆ ಕರಬಸಪ್ಪ ಪ್ರತಿ ಅಮಾವಾಸ್ಯೆಗೆ ನಮ್ಮ ಅಜ್ಜನ ಗದ್ದುಗೆಗೆ ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಇಟ್ಟು ಬರುತ್ತಿದ್ದರು. ಹಿರಿಯರ ಸಮಾಧಿಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ನನ್ನ ಮೈಗೆ ಹತ್ತಿದ್ದು. ಕೈಚೀಲದಲ್ಲಿ ವಿಭೂತಿ ಗಟ್ಟಿ ಇತ್ತು. ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳಿನಿಂದ ಕಲ್ಲಿಗೆ ಎಳೆದೆ.

“ಅಮ್ಮಾ, ದಿಸ್ ಈಸ್ ನಾಟ್ ಅವರ್ ಟೆಂಪಲ್. ಯಾರಾದ್ರೂ ನೋಡ್ತಾರೆ.”

“ನೋಡ್ಲಿ ಬಿಡು. ನಿಮ್ಮಪ್ಪನ ಹಿರ್‍ಯಾ, ನನಗ ಮಾವ ಆಗಬೇಕು.”

“ಅಮ್ಮಾ, ವೇಯ್ಟ್. ಒರೆಸ್ಬೇಡ.”

ನೀರು ಆರುತ್ತಿದ್ದಂತೆ ವಿಭೂತಿ ಕಲ್ಲಿನ ಗೆರೆಗಳಲ್ಲಿ ಬೆಳ್ಳಗೆ ನಿಂತಿತ್ತು. ಓದಬೇಕೆಂದು ನಾನು ಹಚ್ಚಿರಲಿಲ್ಲ. ರಚನಾ ಮೊಣಕಾಲೂರಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು: ಎಲಾಯಸ್ ಟೀಗ್. ಕಾನ್ಸಸ್‌ಗೆ ಹೋದ. ಮನೆಗೆ ಬಂದ. ಅವಳು ತಂದೆ ಹೋದಾಗ ಅತ್ತಿರಲಿಲ್ಲ, ಅಲ್ಲಿ ಕುಳಿತು ಅತ್ತಳು. ಕ್ಯಾಮೆರಾ ತಂದಿರಲಿಲ್ಲ. ಮುಂದಿನ ಶನಿವಾರ ತರೋಣ, ಕಲ್ಲು ಎಲ್ಲಿಗೆ ಹೋಗುತ್ತದೆ ಎಂದುಕೊಂಡೆವು. ಬಾಗಿಲ ಬಳಿ, ಬಂದವರು ಬರೆಯುವ ಪುಸ್ತಕದಲ್ಲಿ, ಹೆಸರು ಮತ್ತು ಫೋನ್ ನಂಬರ್ ಬರೆದು ಮನೆಗೆ ಬಂದೆವು. ಕಲ್ಲು ಕೆಡಿಸುವವರು ಹಾಗೆ ನಂಬರ್ ಬರೆದಿಟ್ಟು ಹೋಗುತ್ತಾರೆಯೇ, ಮಾನ್ಯರೇ?

ಎರಡು ದಿನ ಬಿಟ್ಟು ನಿಮ್ಮ ಕಚೇರಿಯ ಹೆಣ್ಣುಮಗಳು ಫೋನು ಮಾಡಿದಳು. ಬಹಳ ವಿನಯದವಳು.

“ಮ್ಯಾಮ್, ಕಲ್ಲಿನ ಮೇಲಿರುವುದು ಎಣ್ಣೆಯ ಬಣ್ಣವೋ, ನೀರಿನ ಬಣ್ಣವೋ?”

“ಬಣ್ಣವಲ್ಲ, ಬೂದಿ.”

“ಯಾವುದರ ಬೂದಿ, ಮ್ಯಾಮ್?”

ಪಕ್ಕದಲ್ಲಿದ್ದ ರಚನಾ ನನ್ನ ತೋಳು ಹಿಡಿದು, “ಅಮ್ಮಾ, ಪ್ಲೀಸ್, ಕೌ ಡಂಗ್ ಅಂತ ಹೇಳ್ಬೇಡ” ಎಂದಳು. ನಾನು ಹೇಳಿದೆ. ಕೇಳಿದ್ದಕ್ಕೆ ನಿಜ ಹೇಳಬೇಕಲ್ಲ. ಹಸುವಿನ ಸಗಣಿ ಸುಟ್ಟು ಮಾಡುವ ಪವಿತ್ರ ಬೂದಿ ಎಂದು ಪೂರ್ತಿ ವಿವರಿಸಿದೆ. ಅವಳು ಬರೆದುಕೊಂಡಳು. ಆಮೇಲೆ ನನಗೆ ಬಂದ ನೋಟಿಸಿನಲ್ಲಿ ‘ಪವಿತ್ರ’ ಎಂಬ ಮಾತು ಉಳಿಯಲಿಲ್ಲ, ‘ಬೂದಿ’ಯೂ ಉಳಿಯಲಿಲ್ಲ. ‘ಪ್ರಾಣಿಯ ಮಲದಿಂದ ಐತಿಹಾಸಿಕ ಕಲ್ಲನ್ನು ಮಲಿನಗೊಳಿಸಿದ್ದೀರಿ’ ಎಂದಷ್ಟೇ ಇತ್ತು.

ಮುಂದಿನ ಶನಿವಾರ ಕ್ಯಾಮೆರಾ ಹಿಡಿದು ಹೋದೆವು. ಒತ್ತಡದಿಂದ ನೀರು ಹಾಯಿಸುವ ಯಂತ್ರದಿಂದ ನೀವು ಕಲ್ಲನ್ನು ಶುದ್ಧ ಮಾಡಿಸಿದ್ದಿರಿ. ಮೆದು ಕಲ್ಲು; ಮೇಲಿನ ಪದರ ಚಕ್ಕೆಯೆದ್ದು ಹುಲ್ಲಿನ ಮೇಲೆ ಬಿದ್ದಿತ್ತು. ಅಕ್ಷರವಿರಲಿ, ಗೀರೂ ಇರಲಿಲ್ಲ. ನೂರು ವರ್ಷದ ಮಳೆ ಹಿಮ ಮಾಡದ್ದನ್ನು ನೀವು ಒಂದೇ ವಾರದೊಳಗೆ ಮಾಡಿ ಮುಗಿಸಿದಿರಿ. ಕೇಳದೆ ಹಚ್ಚಿದ್ದು ನನ್ನ ತಪ್ಪೆಂದರೆ ಒಪ್ಪುತ್ತೇನೆ. ಓದದೆ ಅಳಿಸಿದ್ದು ಯಾರ ತಪ್ಪು? ನಾವಿಬ್ಬರು ಕಣ್ಣಾರೆ ಕಂಡಿದ್ದೇವೆ ಎಂದರೆ, ‘ನಿಮಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಇದೆ’ ಎನ್ನುತ್ತೀರಿ. ಇದೆ. ಹಿತಾಸಕ್ತಿ ಇಲ್ಲದವರು ಯಾಕೆ ಸ್ಮಶಾನಕ್ಕೆ ಬರುತ್ತಾರೆ?

ಯುಗಾದಿಯ ಊಟದಲ್ಲಿ ನಮ್ಮ ಕೂಟದ ಕೇಶವಮೂರ್ತಿಯವರು ನನ್ನ ತಟ್ಟೆಗೆ ಹೋಳಿಗೆ ಹಾಕುತ್ತಾ, “ಏನ್ ಗಂಗಕ್ಕ, ಅಮೆರಿಕನ್ ತಾತನಿಗೂ ವಿಭೂತಿ ಹಚ್ಬಿಟ್ರಂತೆ. ಇನ್ನು ಲಿಂಗ ಕಟ್ಟೋದೊಂದೇ ಬಾಕಿ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರೇ ಮೆಲ್ಲಗೆ, “ಬಿಟ್ಬಿಡಿ ಅಕ್ಕ, ಯಾವ್ದಾದ್ರೂ ನದೀಲಿ ಬಿಟ್ಟು ಕೈ ಮುಗೀರಿ. ಇವರ ಜೊತೆ ಫೈಟ್ ಮಾಡಕ್ಕಾಗಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಕ್ಯಾಲ್ವಿನ್ ನದಿಯನ್ನು ಕೇಳಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಎಲಾಯಸ್ ಟೀಗ್ ಕಾನ್ಸಸ್‌ನಲ್ಲಿ ಸತ್ತ ಎನ್ನುವುದಾದರೆ ಅಲ್ಲಿ ಅವನ ಸಮಾಧಿ ಎಲ್ಲಿದೆ ಎಂದು ನೀವು ತೋರಿಸಿ. ನನ್ನಿಂದ ಕೇಳಿದ ಪುರಾವೆಯನ್ನೇ ನಿಮ್ಮಿಂದಲೂ ಕೇಳುತ್ತಿದ್ದೇನೆ. ತೋರಿಸಿದರೆ ಮಗಳ ಕಾರಿನಲ್ಲಿ ಕುಳಿತು, ಗಂಡನನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲಿಗೇ ಹೋಗುತ್ತೇನೆ. ತೋರಿಸಲಾಗದಿದ್ದರೆ ಅಕ್ಟೋಬರಿನಲ್ಲಿ ವರ್ಷ ತುಂಬುವ ದಿನ ಬಾಗಿಲು ತೆಗೆಸಿ, ಮೂಲೆಯ ಆ ಬೋಳು ಕಲ್ಲಿನ ಬುಡದಲ್ಲಿ ಒಂದು ಮೊಳ ಮಣ್ಣು ಕೊಡಿ. ವಿಭೂತಿಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ಕ್ಯಾಲ್ವಿನ್‌ರನ್ನು ಮಾತ್ರ ತರುತ್ತೇನೆ. ಅವರೂ ಈಗ ಬಿಳಿಯ ಪುಡಿಯೇ. ದಯವಿಟ್ಟು ತೊಳೆಸಬೇಡಿ.

ಇಂತಿ,
ಬಂದವಳು, ತಿರುಗಿ ಹೋಗದವಳು,
ಗಂಗಾಂಬಿಕಾ ಟೀಗ್
ಷಾರ್ಲೆಟ್, ಆಗಸ್ಟ್ 1996